ಕೆಮ್ಮೋರೆಲ್ಲ ಟೆರೇಸಿಗೆ

ಸಾಬಮ್ಮನ ಕೆಮ್ಮಿಗೆ ಆ ಕಂಪನಿಯಲ್ಲಿ ವರ್ಷಕ್ಕೆ ಎರಡು ದಿನ ಮಾತ್ರ ಮರ್ಯಾದೆ ಸಿಗುತ್ತಿತ್ತು.

ಉಳಿದ ದಿನ ಬೈಗುಳ. "ಏನಮ್ಮಾ, ಮಷೀನಿಗಿಂತ ಜೋರಾಗಿ ಓಡ್ತಿದ್ದೀಯಲ್ಲಾ" ಎಂದು ಫ್ಲೋರ್ ಇನ್‌ಚಾರ್ಜ್ ಅಂಜನಮೂರ್ತಿ ರೇಗುತ್ತಿದ್ದ. ಆದರೆ ಆರು ತಿಂಗಳಿಗೊಮ್ಮೆ, ಹೊರದೇಶದ ಬೈಯರ್ ಕಡೆಯಿಂದ ಆಡಿಟ್‌ನವರು ಬರುವ ದಿನ, ಅದೇ ಅಂಜನಮೂರ್ತಿ ಮೆಟ್ಟಿಲ ಮೇಲೆ ನಿಂತು, ಮದುವೆಮನೆಯಲ್ಲಿ ಪಂಕ್ತಿಗೆ ಕರೆಯುವವನ ಹಾಗೆ ಕೈ ಬೀಸಿ ಕೂಗುತ್ತಿದ್ದ:

"ಕೆಮ್ಮೋರೆಲ್ಲ ಟೆರೇಸಿಗೆ! ಬೇಗ ಬೇಗ ಎದ್ದೇಳಿ! ಕೆಮ್ಮೋರೆಲ್ಲ ಟೆರೇಸಿಗೆ ಹೋಗ್ರಮ್ಮಾ!"

ಟೆರೇಸಿನಲ್ಲಿ ಚಾಪೆ ಹಾಸಿರುತ್ತಿತ್ತು. ಬೋಂಡಾ ಬರುತ್ತಿತ್ತು. ಟೀ ಎರಡು ಸಲ. ಬಿಸಿಲು ಬಿಟ್ಟಿ. ಕೆಳಗೆ ಆಡಿಟ್ ಸಾಹೇಬರು ಕೆಮ್ಮಿಲ್ಲದ, ನಗುಮುಖದ ಹೆಂಗಸರನ್ನು ನೋಡಿ ಟಿಕ್ ಹಾಕಿಕೊಂಡು ಹೋಗುವವರೆಗೆ ಇವರು ಮೇಲೆ ಕಾಲು ಚಾಚಿ ಕೂತು ಹೊಸ ತಿಪ್ಪಸಂದ್ರದ ನೀರಿನ ಟ್ಯಾಂಕುಗಳನ್ನು ಎಣಿಸಬೇಕು. ವಿಚಿತ್ರ ಏನೆಂದರೆ, ಮಧ್ಯಾಹ್ನ ಆಗುವಷ್ಟರಲ್ಲಿ ಒಬ್ಬಳೂ ಕೆಮ್ಮುತ್ತಿರಲಿಲ್ಲ.

"ನೋಡು, ನಮ್ಮ ಕಂಪನಿ ಡಾಕ್ಟರ್ ಅವ್ನೇ" ಎಂದು ಇಸ್ತ್ರಿ ಟೇಬಲ್ಲಿನ ಆಬಿದಾ ಅರ್ಧ ಕಚ್ಚಿದ ಬೋಂಡಾವನ್ನು ಸೂರ್ಯನತ್ತ ಚಾಚಿ ಹೇಳುತ್ತಿದ್ದಳು. "ವರ್ಷಕ್ಕೆ ಎರಡೇ ಸಲ ಡ್ಯೂಟಿಗೆ ಬರ್ತಾನೆ, ಕಮ್‌ಬಖ್ತ್."

ಕಂಪನಿ ಪುಟ್ಟ ಮಕ್ಕಳ ಬಟ್ಟೆಯದು. ಬಟ್ಟೆ ಮೆತ್ತಗೆ, ಬೆಣ್ಣೆ. ಒಂದೊಂದು ಅಂಗಿಗೂ ಒಂದು ಚೀಟಿ ನೇತಾಡುತ್ತಿತ್ತು. ಇದು ಉಸಿರಾಡುವ ಬಟ್ಟೆ ಎಂದು ಅದರಲ್ಲಿ ಇಂಗ್ಲಿಷಿನಲ್ಲಿ ಬರೆದಿದೆಯಂತೆ. ಬಟ್ಟೆ ಉಸಿರಾಡಿದರೆ ಸಂತೋಷ. ಅದನ್ನು ಇಸ್ತ್ರಿ ಮಾಡಿ, ದಾರ ಕತ್ತರಿಸಿ, ಕಲೆ ಹುಡುಕಿ, ಮಡಚಿ, ಪೆಟ್ಟಿಗೆಗೆ ತುಂಬುವ ಇಪ್ಪತ್ತೆರಡು ಹೆಂಗಸರ ಉಸಿರಿನ ಬಗ್ಗೆ ಯಾವ ಚೀಟಿಯಲ್ಲೂ ಏನೂ ಬರೆದಿರಲಿಲ್ಲ.

ಈ ಕೆಲಸವೆಲ್ಲ ನಡೆಯುತ್ತಿದ್ದದ್ದು ನೆಲಮಾಳಿಗೆಯಲ್ಲಿ. ಬಿಲ್ಡಿಂಗ್ ಪ್ಲಾನಿನಲ್ಲಿ ಅದು ಕಾರು ನಿಲ್ಲಿಸುವ ಜಾಗ. ಮೊದಮೊದಲು ಕಾರೇ ನಿಲ್ಲುತ್ತಿತ್ತು, ಎಂ.ಡಿ. ಸಾಹೇಬರ ಹೊಸ ಕಾರು. ಒಂದು ಮಳೆಗಾಲ ಅಲ್ಲಿ ನಿಂತದ್ದಕ್ಕೆ ಕಾರಿನ ಚರ್ಮದ ಸೀಟಿನ ಮೇಲೆ ಬೂಷ್ಟು ಬೆಳೆಯಿತು, ಹಳಸಿದ ದೋಸೆಹಿಟ್ಟಿನ ಮೇಲೆ ಬೆಳೆಯುವ ಹಾಗೆ. ಸಾಹೇಬರು ನೊಂದುಕೊಂಡರು. ಕಾರನ್ನು ಮೇಲಕ್ಕೆ ತಂದು, ಗೇಟಿನ ಪಕ್ಕದ ದೊಡ್ಡ ಹಾಲನ್ನು ಖಾಲಿ ಮಾಡಿಸಿ, ಗಾಳಿ ಬೆಳಕು ಬರುವ ಕಡೆ ನಿಲ್ಲಿಸಿದರು. ಆ ಹಾಲಿನಲ್ಲಿ ಮೊದಲು ಇದ್ದದ್ದು ಈ ಕೆಲಸದ ಹೆಂಗಸರು. ಅವರನ್ನು ಕೆಳಕ್ಕೆ ಇಳಿಸಿದರು. ಹೆಂಗಸರಿಗೆ ಚರ್ಮದ ಸೀಟು ಇರಲಿಲ್ಲವಲ್ಲ, ಬರೀ ಚರ್ಮ.

ನೆಲಮಾಳಿಗೆಯ ಒಂದು ಗೋಡೆಯ ಆಚೆ ರಾಜಕಾಲುವೆ. ಈಚೆ ಆಬಿದಾಳ ಸಾಲಿನ ಐದು ಸ್ಟೀಮ್ ಇಸ್ತ್ರಿಗಳು. ಆಚೆಯಿಂದ ಚರಂಡಿ ನೀರು ಜಿನುಗುತ್ತಿತ್ತು, ಈಚೆಯಿಂದ ಹಬೆ ಬಡಿಯುತ್ತಿತ್ತು. ನಡುವೆ ಗೋಡೆ ಏನು ಮಾಡೀತು? ಮೊದಲು ಬೆವರಿತು, ಆಮೇಲೆ ಉಬ್ಬಿತು, ಆಮೇಲೆ ಕಪ್ಪಗೆ, ಹಸಿರಾಗಿ, ಬೂದುಬಣ್ಣಕ್ಕೆ ಹೂ ಬಿಟ್ಟಿತು. ಒಳಗೆ ಕಾಲಿಟ್ಟರೆ ಒದ್ದೆ ಗೋಣಿಚೀಲದೊಳಗೆ ತಲೆ ತೂರಿಸಿದ ಹಾಗೆ. ಹೆಂಗಸರು ಆ ಕಲೆಗಳಿಗೆಲ್ಲ ಹೆಸರಿಟ್ಟಿದ್ದರು. ಮೂಲೆಯ ದುಂಡು ಕಲೆ ಎಂ.ಡಿ. ಸಾಹೇಬರು, ಏಕೆಂದರೆ ವರ್ಷವರ್ಷಕ್ಕೂ ಹೊಟ್ಟೆ ಮುಂದಕ್ಕೆ ಬರುತ್ತಿತ್ತು. ಪಕ್ಕದ ಉದ್ದನೆಯದು ಎಚ್.ಆರ್. ಮೇಡಂ ಪ್ರಿಯದರ್ಶಿನಿ. ಕೆಳಗಿನ ಸಣ್ಣ ಸಣ್ಣ ಚುಕ್ಕಿಗಳು ಅಂಜನಮೂರ್ತಿ, ಎಲ್ಲೆಂದರಲ್ಲಿ ಕಾಣಿಸಿಕೊಳ್ಳುತ್ತಿದ್ದರಿಂದ.

ಸಾಬಮ್ಮ ಯಾದಗಿರಿ ಕಡೆಯವಳು, ಶಹಾಪುರದ ಹತ್ತಿರದ ಹಳ್ಳಿ. ದರ್ಗಾಕ್ಕೆ ಹರಕೆ ಹೊತ್ತ ಮೇಲೆ ಹುಟ್ಟಿದವಳೆಂದು ಆ ಹೆಸರು. "ಹೆಸರು ನಮ್ದು, ಕುಂಕುಮ ನಿಮ್ದು, ಕೆಮ್ಮು ಕಂಪನೀದು" ಎಂದು ಆಬಿದಾ ರೇಗಿಸುತ್ತಿದ್ದಳು. ಆಬಿದಾ ಶಿವಾಜಿನಗರದವಳು. ಎರಡು ಬಸ್ಸು ಬದಲಾಯಿಸಿ ಬರುವವಳು, ಬಸ್ಸಿನೊಳಗಿನ ಜಗಳಗಳನ್ನೆಲ್ಲ ಹೊತ್ತು ತಂದು ಟೇಬಲ್ಲಿನ ಮೇಲೆ ಹರಡುವವಳು.

ಆರು ವರ್ಷದ ಹಿಂದೆ ಸಾಬಮ್ಮ ಕೆಲಸಕ್ಕೆ ಸೇರಿದ ಮೊದಲ ದಿನ ಅಂಜನಮೂರ್ತಿ ಅವಳ ಕೈಗೆ ಕೆಂಪು ಬಾಣದ ಸ್ಟಿಕ್ಕರುಗಳ ಒಂದು ಹಾಳೆ ಕೊಟ್ಟು ಹೇಳಿದ್ದ: "ಕಣ್ಣಿಗೆ ಕಲೆ ಕಂಡ್ರೆ ಬಾಣ ಅಂಟಿಸ್ಬೇಕು. ಯೋಚ್ನೆ ಮಾಡ್ಬೇಡ, ಕೇಳ್ಬೇಡ, ಅಂಟಿಸು. ಅಷ್ಟೇ ನಿನ್ನ ಕೆಲ್ಸ." ಸಾಬಮ್ಮ ಹೇಳಿದ್ದನ್ನು ಹೇಳಿದ ಹಾಗೆ ಮಾಡುವವಳು. ಸಂಜೆ ಅಂಜನಮೂರ್ತಿ ಬಂದು ನೋಡಿದರೆ ಬಟ್ಟೆಯ ಮೇಲೆ ನಾಲ್ಕು ಬಾಣ, ಗೋಡೆಯ ಮೇಲೆ ಮೂವತ್ತೆರಡು. ಎಂ.ಡಿ. ಸಾಹೇಬರ ಹೊಟ್ಟೆಗೇ ಆರು.

"ಲೇ ಇವ್ಳೇ, ಗೋಡೇನ ಎಕ್ಸ್‌ಪೋರ್ಟ್ ಮಾಡ್ತೀವೇನೇ?"

ಇಡೀ ನೆಲಮಾಳಿಗೆ ನಕ್ಕಿತು. ಸಾಬಮ್ಮನೂ ನಕ್ಕಳು, ಸೆರಗು ಬಾಯಿಗಿಟ್ಟು. ಆಮೇಲೆ ಒಂದೊಂದೇ ಬಾಣ ಕಿತ್ತಳು. ಪ್ರತಿ ಬಾಣದ ಹಿಂದೆ ಕಪ್ಪು ಪುಡಿ ಮೆತ್ತಿಕೊಂಡು ಬಂತು. ಆಗ ಅವಳಿಗೆ ಕೆಮ್ಮಿರಲಿಲ್ಲ.

ಈಗ ಇತ್ತು. ಬೆಳಿಗ್ಗೆ ಮೆಟ್ಟಿಲಿಳಿದ ಅರ್ಧ ಗಂಟೆಗೆ ಮೂಗು ಕಟ್ಟುತ್ತಿತ್ತು, ಹನ್ನೊಂದಕ್ಕೆ ಎದೆ ಬಿಗಿಯುತ್ತಿತ್ತು, ಮೂರಕ್ಕೆ ಎದೆಯೊಳಗೆ ಯಾರೋ ಪೀಪಿ ಊದುತ್ತಿದ್ದರು. ಮಾತಿನ ನಡುವೆ ನಿಂತು ಉಸಿರು ಹುಡುಕಬೇಕು. ತುಂಬಿದ ಪೆಟ್ಟಿಗೆ ಎತ್ತಿದರೆ ಕಣ್ಣು ಕತ್ತಲೆ. ಇ.ಎಸ್.ಐ. ದವಾಖಾನೆಯ ಡಾಕ್ಟರಮ್ಮ ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿ, ಎರಡೇ ಪ್ರಶ್ನೆ ಕೇಳಿದ್ದಳು.

"ಭಾನುವಾರ ಹೇಗಿರುತ್ತೆ?"

"ಭಾನುವಾರ ಸೊಲ್ಪ ಹಗೂರ ಅನಿಸ್ತದ್ರಿ. ಸೋಮವಾರ ಮತ್ತ ಸುರು."

"ಊರಿಗೆ ಹೋದಾಗ?"

"ದಸರಾಕ್ಕ ಹತ್ತು ದಿನ ಹೋಗಿದ್ದೆ ನೋಡ್ರಿ, ಒಂದ ದಿನ ಕೆಮ್ಮಲಿಲ್ಲ. ನಮ್ಮತ್ತಿ ಕೇಳಿದ್ಳು, ಎಲ್ಲಿಟ್ಟು ಬಂದಿ ಕೆಮ್ಮು ಅಂತ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟಳು. "ಹಾಗಾದ್ರೆ ಕಾಯಿಲೆ ಇರೋದು ನಿಮ್ಮ ಕಂಪನಿಗಮ್ಮ. ಕೆಮ್ತಿರೋದು ಮಾತ್ರ ನೀವು." ಊದಿ ಎಳೆದುಕೊಳ್ಳುವ ಪಂಪು ಕೊಟ್ಟಳು. ಜಾಗ ಬದಲಾಯಿಸದಿದ್ದರೆ ಪಂಪಿಗೂ ಬಗ್ಗದ ದಿನ ಬರುತ್ತದೆ ಎಂದಳು.

ಜಾಗ. ಇಡೀ ನೆಲಮಾಳಿಗೆಯಲ್ಲಿ ಒಂದೇ ಒಂದು ಒಣ ಜಾಗವಿತ್ತು. ಅದಕ್ಕೆ ಹೆಸರೇ ಡ್ರೈ ರೂಮು.

ಎರಡು ಮಂಚದಷ್ಟು ಅಗಲದ ಕೋಣೆ, ಗಾಜಿನ ಬಾಗಿಲು, ಒಳಗೆ ಗಾಳಿಯ ತೇವ ಹೀರುವ ಎರಡು ಮಷೀನು. ಗೋಡೆಗೊಂದು ಪುಟ್ಟ ಪೆಟ್ಟಿಗೆ, ಅದರಲ್ಲಿ ಕೆಂಪಗೆ ಉರಿಯುವ ಅಂಕಿ. ಅಂಕಿ ಐವತ್ತರ ಆಸುಪಾಸು ಇರಬೇಕು. ಅರವತ್ತೈದು ದಾಟಿದರೆ ಪೆಟ್ಟಿಗೆ ಕಿರುಚುತ್ತದೆ. ಹಿಂದೊಮ್ಮೆ ಹಡಗಿನಲ್ಲಿ ಹೋದ ಮಾಲಿಗೆ ಬೂಷ್ಟು ಹಿಡಿದು ವಾಪಸ್ ಬಂದಾಗ ಕಂಪನಿ ಸೂತಕದ ಮನೆಯಾಗಿತ್ತು. ಎಂ.ಡಿ. ಸಾಹೇಬರು ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲವಂತೆ. ಆಮೇಲೆ ಈ ಕೋಣೆ ಕಟ್ಟಿಸಿದರು. ಪ್ರತಿ ಪೆಟ್ಟಿಗೆಯೊಳಗೆ ತೇವ ಹೀರುವ ಉಪ್ಪಿನಂಥ ಹರಳಿನ ಪೊಟ್ಟಣ ಹಾಕಿಸಿದರು. ಮತ್ತು ಸಾಬಮ್ಮನ ಕೈಗೆ ತೇವ ಅಳೆಯುವ ಮೀಟರು ಕೊಡಿಸಿದರು. ಅದರ ಎರಡು ಮುಳ್ಳನ್ನು ಬಟ್ಟೆಗೆ ಒತ್ತಬೇಕು. ಅರವತ್ತೈದರೊಳಗಿದ್ದರೆ ಪಾಸು. ದಾಟಿದರೆ ಫೇಲು: ಕೆಂಪು ಬಾಣ ಅಂಟಿಸಿ ಡ್ರೈ ರೂಮಿನಲ್ಲಿ ಒಂದು ದಿನ ಒಂದು ರಾತ್ರಿ ಇಡಬೇಕು. ಇದು ರೂಲು. ಈ ರೂಲಿಗೆ ಎಂ.ಡಿ. ಅಡ್ಡ ಬಂದರೂ ಕೇಳುವಂತಿಲ್ಲ ಎಂದು ಎಂ.ಡಿ.ಯವರೇ ಹೇಳಿದ್ದರು.

ಆಬಿದಾ ಒಂದು ದಿನ ಆ ಹರಳಿನ ಪೊಟ್ಟಣ ಎರಡನ್ನು ಕುಪ್ಪಸದೊಳಗೆ ತೂರಿಸಿಕೊಂಡು ಅಂಜನಮೂರ್ತಿಯ ಮುಂದೆ ನಿಂತಿದ್ದಳು. "ಸಾರ್, ನಾನೂ ಎಕ್ಸ್‌ಪೋರ್ಟ್ ಕ್ವಾಲಿಟಿ. ಈಗಾದ್ರೂ ನನ್ಮೇಲೆ ಗಮನ ಇಡಿ." ಅಂಜನಮೂರ್ತಿ ಕೆಂಪಗಾಗಿ, ಏನೋ ಹೇಳಹೋಗಿ, ಕೆಮ್ಮು ಬಂದು, ಕರ್ಚೀಫು ಬಾಯಿಗೊತ್ತಿಕೊಂಡು ಮೆಟ್ಟಿಲು ಹತ್ತಿದ್ದ. ಅವನಿಗೂ ಕೆಮ್ಮಿತ್ತು. ಆದರೆ ಇನ್‌ಚಾರ್ಜ್ ಕೆಮ್ಮಿದರೆ ಅದಕ್ಕೆ ಹೆಸರು ಧೂಳಿನ ಅಲರ್ಜಿ. ಹೆಂಗಸರು ಕೆಮ್ಮಿದರೆ ಅದು ನಾಟಕ.

ಕೆಮ್ಮೋರ ಪಂಕ್ತಿ ಬೆಳೆಯುತ್ತ ಬಂತು. ಮೊದಲ ವರ್ಷ ಟೆರೇಸಿಗೆ ಹೋದವರು ಇಬ್ಬರು. ಈ ಮಳೆಗಾಲಕ್ಕೆ ಒಂಬತ್ತು. ಒಂಬತ್ತು ಜನ ಎದ್ದು ಹೋದರೆ ಟೇಬಲ್ಲುಗಳು ಬೋಳು ಹೊಡೆಯುತ್ತವೆ, ಅದು ಆಡಿಟ್‌ನವರ ಕಣ್ಣಿಗೆ ಬೀಳುತ್ತದೆ. ಅದಕ್ಕೇ ಆಡಿಟ್ ಸೋಮವಾರ ಎನ್ನುವಾಗ ಶನಿವಾರ ಪ್ರಿಯದರ್ಶಿನಿ ಮೇಡಂ ಒಂಬತ್ತು ಜನರನ್ನೂ ಒಬ್ಬೊಬ್ಬರಾಗಿ ಎ.ಸಿ. ರೂಮಿಗೆ ಕರೆದರು. ಪ್ರತಿಯೊಬ್ಬರ ಮುಂದೆಯೂ ಒಂದು ಇಂಗ್ಲಿಷ್ ಹಾಳೆ.

"ಸಾಬಮ್ಮ, ಇಲ್ಲೊಂದು ಸೈನ್ ಹಾಕ್ಬಿಡಿ. ಜಸ್ಟ್ ಫಾರ್ಮಾಲಿಟಿ."

"ಏನ ಬರದದ್ರಿ ಮೇಡಂ?"

"ನಿಮ್ಮ ಹೆಲ್ತ್ ಬಗ್ಗೆನೇ. ನಿಮ್ಮ ಒಳ್ಳೇದಕ್ಕೆ."

"ಒಳ್ಳೇದಿದ್ರ ಮನಿಗೊಯ್ದು ಓದಿಸ್ಕೊಂಡು ಬರ್ತೀನಲ್ರಿ. ಒಳ್ಳೇದು ನಾಕು ಮಂದಿ ಕೇಳ್ಲಿ."

ಮೇಡಂ ಮುಖ ಹುಳ್ಳಗಾಯಿತು. "ಮಂಡೇ ಬೆಳಿಗ್ಗೆ ಸೈನ್ ಆಗಿರ್ಬೇಕು. ಆಗ್ಲಿಲ್ಲಾಂದ್ರೆ ಗೇಟ್ ಒಳಗೆ ಬರ್ಬೇಡಿ."

ಹಾಳೆಯನ್ನು ಓದಿದವಳು ಆಬಿದಾಳ ಮಗಳು ರುಕ್ಸಾರ್. ಬಿ.ಕಾಂ. ಹುಡುಗಿ. ಅಮ್ಮನ ಹಾಳೆ ಓದಿ, ಭಾನುವಾರ ಬೆಳಿಗ್ಗೆ ಸಾಬಮ್ಮನಿಗೆ ಫೋನು ಮಾಡಿ ಬಿಡಿಬಿಡಿಯಾಗಿ ಹೇಳಿದಳು: "ಆಂಟಿ, ಇದ್ರಲ್ಲಿ ಏನಿದೆ ಅಂದ್ರೆ, ನನಗೆ ಚಿಕ್ಕಂದಿನಿಂದ್ಲೇ ದಮ್ಮಿತ್ತು, ಕೆಲ್ಸಕ್ಕೆ ಸೇರೋವಾಗ ಅದನ್ನ ಕಂಪನಿಯಿಂದ ಮುಚ್ಚಿಟ್ಟಿದ್ದೆ, ಇದಕ್ಕೂ ಕಂಪನಿಗೂ ಯಾವ ಸಂಬಂಧನೂ ಇಲ್ಲ. ಅಷ್ಟೇ. ಮುಚ್ಚಿಟ್ಟೆ ಅಂತ ನೀವೇ ಬರ್ಕೊಟ್ಟ ಮೇಲೆ, ಯಾವತ್ತು ಬೇಕಾದ್ರೂ ಕೆಲ್ಸದಿಂದ ತೆಗೀಬಹುದು."

ಟಿನ್ ಫ್ಯಾಕ್ಟರಿಯ ಹಿಂದಿನ ವಠಾರದಲ್ಲಿ ಸಾಬಮ್ಮನದು ಒಂದು ರೂಮು. ಗಂಡ ಅಮರಪ್ಪ ಸೆಂಟ್ರಿಂಗ್ ಕೆಲಸದವನು. ಫೋನಿನ ಮಾತನ್ನೆಲ್ಲ ಕೇಳಿಸಿಕೊಂಡು ಬೀಡಿ ಆರಿಸಿದ.

"ಹಾಕಿಬಿಡು ಸೈ. ಕಾಗದ ಏನ ಕಚ್ಚತದೇನು?"

"ಸಣ್ಣಾಕಿದ್ದಾಗಿಂದ ದಮ್ಮಿತ್ತಂತ ಬರದಾರ. ಸಣ್ಣಾಕಿದ್ದಾಗ ನಾ ಎಮ್ಮಿ ಹಿಂದ ಎರಡು ಹರದಾರಿ ಓಡಾಕಿ."

"ಖರೆ. ಈಗ ಎಮ್ಮೀನ ಸಾಕ್ಷಿಗೆ ಕರೀತೀಯೇನು?"

ಸಾಬಮ್ಮನಿಗೆ ನಗು ಬಂತು, ನಗುವಿನ ಬಾಲ ಹಿಡಿದು ಕೆಮ್ಮು ಬಂತು. ಅದು ಮುಗಿಯುವವರೆಗೆ ಅಮರಪ್ಪ ಅವಳ ಬೆನ್ನ ಮೇಲೆ ಕೈಯಿಟ್ಟುಕೊಂಡು ಕೂತ. ಆಮೇಲೆ ಸೈ ಹಾಕು ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. "ಎರಡ ಕೂಲಿ ಇಲ್ದ ಈ ಊರಾಗ ಹ್ಯಾಂಗ ಇರೂದು, ಅಷ್ಟ ಹೇಳು" ಎಂದ.

ಸಾಬಮ್ಮ ಎದ್ದಳು. ಕೊಡ ಎತ್ತಿಕೊಂಡು ನಲ್ಲಿಗೆ ಹೋದಳು. ಅಲ್ಲಿ ಸ್ಟೂಲಿನ ಮೇಲೆ ಅಮೃತಮ್ಮ ಕೂತಿದ್ದಳು. ಇದೇ ವಠಾರದವಳು, ಹಿಂದೆ ಇದೇ ಕಂಪನಿಯವಳು, ಟೆರೇಸಿಗೆ ಹೋದ ಮೊದಲ ಇಬ್ಬರಲ್ಲಿ ಒಬ್ಬಳು. ಹದಿನೈದು ವರ್ಷ ಇಸ್ತ್ರಿ ತಿಕ್ಕಿದ ತೋಳು ಈಗ ಅರ್ಧ ಕೊಡ ಎತ್ತಲಾರದೆ ಚೊಂಬಿನಲ್ಲಿ ನೀರು ಹಿಡಿಯುತ್ತಿತ್ತು. ಸಾಬಮ್ಮ ಹಾಳೆ ತೋರಿಸಿದಳು. ಅಮೃತಮ್ಮನಿಗೆ ಓದು ಬಾರದು. ಆದರೂ ಹಾಳೆಯ ಕೆಳಗಿನ ಗೆರೆಯ ಮೇಲೆ ಬೆರಳಿಟ್ಟಳು.

"ಇಲ್ಲೇ ಹಾಕಿದ್ದೆ ನಾನೂ. ಚೆನ್ನಾಗಿರೋ ಪೆನ್ ಕೊಟ್ರು ಕಣೇ. ಕುರ್ಚಿ ಕೊಟ್ರು. ಕಾಫಿ ಕೊಟ್ರು." ಉಸಿರಿಗೆ ನಿಂತಳು. "ಮೂರ್ ತಿಂಗ್ಳಾದ್ಮೇಲೆ ಇನ್ನೊಂದ್ ಕಾಗ್ದ ಬಂತು. ನೀನು ಸುಳ್ಳು ಹೇಳಿ ಕೆಲ್ಸಕ್ಕೆ ಸೇರಿದ್ದೆ, ನಾಳೆಯಿಂದ ಬರ್ಬೇಡ ಅಂತ. ಅವತ್ತು ಕುರ್ಚೀನೂ ಇಲ್ಲ, ಕಾಫೀನೂ ಇಲ್ಲ. ನನ್ ಕೈಲಿದ್ದ ಇಸ್ತ್ರಿ ಪೆಟ್ಟಿಗೆ ಮಾತ್ರ ಇಸ್ಕೊಂಡ್ರು."

ಚೊಂಬು ತುಂಬಿ ಹರಿಯುತ್ತಿತ್ತು. ಸಾಬಮ್ಮ ನಲ್ಲಿ ನಿಲ್ಲಿಸಿದಳು. ಅಮೃತಮ್ಮನ ಕೊಡ ತುಂಬಿಸಿ ಅವಳ ಬಾಗಿಲಿಗೆ ಇಟ್ಟು ಬರುವಷ್ಟರಲ್ಲಿ ನಡುವೆ ಎರಡು ಸಲ ಕೂತು ಏಳಬೇಕಾಯಿತು.

ಸೋಮವಾರ ಬೆಳಗಿನಿಂದಲೇ ಜಡಿಮಳೆ.

ಗೇಟಿನಲ್ಲಿ ಅಂಜನಮೂರ್ತಿ ಹಾಳೆ ಕೇಳಿದ. "ತಂದೀನ್ರಿ, ಸೀಲು ಹೊಡೆದು ಕೊಡ್ತೀನಿ" ಎಂದಳು ಸಾಬಮ್ಮ. ಆಬಿದಾ, ಮಡಚುವ ಟೇಬಲ್ಲಿನ ಜಯಮಾಲಾ, ಉಳಿದವರೂ ಅದನ್ನೇ ಅಂದರು. ಆಡಿಟ್‌ನ ಗಡಿಬಿಡಿಯಲ್ಲಿ ಅವನು ಎಲ್ಲರನ್ನೂ ಒಳಗೆ ಬಿಟ್ಟ. ಹೆಂಗಸರ ಹತ್ತಿರ ಎಂಥ ಸೀಲು ಎಂದು ಕೇಳುವಷ್ಟು ಪುರಸೊತ್ತು ಅವನಿಗಿರಲಿಲ್ಲ.

ನೆಲಮಾಳಿಗೆಯ ಗೋಡೆಗೆ ಭಾನುವಾರ ಬಿಳಿ ಬಣ್ಣ ಬಳಿದಿದ್ದರು. ಅದರ ಮೇಲೆ ದೊಡ್ಡ ಫ್ಲೆಕ್ಸು: ಹಸಿರು ಗುಡ್ಡ, ನೀಲಿ ಆಕಾಶ, ಹುಲ್ಲಿನ ಮೇಲೆ ಮಲಗಿ ನಗುವ ಕೂಸು. ಒದ್ದೆ ಗೋಡೆಯ ಹಸಿ ಬಣ್ಣದ ಘಾಟು ಕಣ್ಣು ಮೂಗು ಎಲ್ಲ ಉರಿಸುತ್ತಿತ್ತು. ಫ್ಲೆಕ್ಸಿನ ಅಂಚು ಎತ್ತಿ ನೋಡಿದರೆ ಎಂ.ಡಿ. ಸಾಹೇಬರ ಹೊಟ್ಟೆ ಆಗಲೇ ಬಿಳಿ ಬಣ್ಣ ಸೀಳಿ ಹೊರಗೆ ಇಣುಕುತ್ತಿತ್ತು.

"ಕೆಮ್ಮೋರೆಲ್ಲ ಟೆರೇಸಿಗೆ!" ಅಂಜನಮೂರ್ತಿ ಕೂಗಿದ. "ಬೇಗ! ಗಾಡಿ ಇಂದಿರಾನಗರ ದಾಟಿದೆಯಂತೆ!"

"ಮಳಿ ಬರ್ಲಿಕತ್ತದ್ರಿ ಸರ" ಎಂದಳು ಸಾಬಮ್ಮ.

"ಟಾರ್ಪಾಲು ಕಟ್ಟಿಸಿದೀನಿ. ಬೋಂಡಾ ಬಿಸಿ ಇದೆ. ಏಳಮ್ಮಾ."

ಸಾಬಮ್ಮ ಎದ್ದಳು. ಅವಳ ಎದೆಯೊಳಗೆ ಪೀಪಿ ಶುರುವಾಗಿತ್ತು. ಪಂಪು ತೆಗೆದು ಎರಡು ಸಲ ಎಳೆದುಕೊಂಡಳು. ಆಮೇಲೆ ಟೇಬಲ್ಲಿನ ಮೇಲಿಂದ ಮೀಟರು ಎತ್ತಿಕೊಂಡಳು. ಮೆಟ್ಟಿಲ ಕಡೆ ಹೋಗಲಿಲ್ಲ. ಗೋಡೆಯ ಹತ್ತಿರ ಹೋಗಿ ಫ್ಲೆಕ್ಸಿನ ಮೂಲೆ ಹಿಡಿದು ಎಳೆದಳು. ಕೂಸು, ಗುಡ್ಡ, ಆಕಾಶ ಎಲ್ಲ ಒಂದೇ ಸಲ ಮುದುರಿ ನೆಲಕ್ಕೆ ಬಿದ್ದವು.

"ಏಯ್! ಏನ್ ಮಾಡ್ತಿದೀಯೇ?"

"ನನ್ನ ಕೆಲಸ ರಿ." ಮೀಟರಿನ ಮುಳ್ಳನ್ನು ಗೋಡೆಗೊತ್ತಿದಳು. ಅಂಕಿ ಓಡಿ ಓಡಿ ತೊಂಬತ್ತೊಂಬತ್ತಕ್ಕೆ ಹೋಗಿ ನಿಂತಿತು, ಅಲ್ಲಿಂದ ಮುಂದೆ ಆ ಮೀಟರಿಗೆ ಅಂಕಿ ಇರಲಿಲ್ಲ. "ಫೇಲು." ಕೆಂಪು ಬಾಣ ತೆಗೆದು ಸಾಹೇಬರ ಹೊಟ್ಟೆಗೆ ಅಂಟಿಸಿದಳು.

ಆಮೇಲೆ ಮೀಟರನ್ನು ತನ್ನ ಎದೆಗೇ ಒತ್ತಿಕೊಂಡಳು. ಹಬೆಗೆ ನೆಂದ ಕುಪ್ಪಸ. ಎಪ್ಪತ್ತೊಂಬತ್ತು.

"ನಾನೂ ಫೇಲು ನೋಡ್ರಿ." ಇನ್ನೊಂದು ಬಾಣ ತನ್ನ ಹೆಗಲಿಗೆ. ಮಡಚಿಟ್ಟ ಇಂಗ್ಲಿಷ್ ಹಾಳೆ ತೆಗೆದು, ಸೈ ಹಾಕುವ ಗೆರೆಯ ಮೇಲೊಂದು ಬಾಣ. "ಸೀಲು ಹೊಡೆದು ಕೊಡ್ತೀನಂದಿದ್ನಲ್ರಿ, ತಗೋರಿ. ಈಗ ಹೇಳ್ರಿ ಸರ, ಫೇಲಾದ ಮಾಲು ಎಲ್ಲಿಗೆ ಹೋಗ್ಬೇಕು?"

ಅಂಜನಮೂರ್ತಿಯ ಬಾಯಿ ತೆರೆದದ್ದು ತೆರೆದೇ ಇತ್ತು. ಅವನ ಬದಲು ಆಬಿದಾ ಹೇಳಿದಳು: "ಡ್ರೈ ರೂಮಿಗೆ. ಒಂದು ದಿನ, ಒಂದು ರಾತ್ರಿ. ರೂಲು."

ಸಾಬಮ್ಮ ಗಾಜಿನ ಬಾಗಿಲು ತೆರೆದು ಒಳಗೆ ಹೋಗಿ ಎರಡು ಪೆಟ್ಟಿಗೆಗಳ ನಡುವೆ ಕೂತಳು.

"ನಂಗೂ ಹಚ್ಚೇ ಒಂದು" ಎಂದು ಆಬಿದಾ ಇಸ್ತ್ರಿಯ ಸ್ವಿಚ್ಚು ಆರಿಸಿ ಹೊರಟಳು. ಜಯಮಾಲಾ ತಾನೇ ಬಾಣ ಕಿತ್ತು ಹಣೆಗೆ ಬೊಟ್ಟಿನಂತೆ ಇಟ್ಟುಕೊಂಡಳು. ಒಂಬತ್ತು ಜನ ಒಳಗಾದರು. ಕೆಮ್ಮಿಲ್ಲದ ಹದಿಮೂರು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಲ್ಲಿ ಇಬ್ಬರು ಕಣ್ಣು ತಪ್ಪಿಸಿ ಮೇಲಿನ ಸ್ಟಿಚಿಂಗ್ ಸೆಕ್ಷನ್ನಿಗೆ ಹೋದರು, ಅವರ ಮನೆಯ ಕಷ್ಟ ಅವರಿಗೆ. ಉಳಿದವರು ಬಾಣದ ಹಾಳೆ ಹಂಚಿಕೊಂಡರು. "ಕೆಮ್ಮಿಲ್ವಲ್ರೇ ನಿಮ್ಗೆ!" ಎಂದು ಅಂಜನಮೂರ್ತಿ ಅಳುವ ದನಿಯಲ್ಲಿ ಅಂದ. "ಬರುತ್ತೆ ಬಿಡಿ ಸಾರ್, ಏನ್ ಅವಸರ" ಎಂದಳು ಒಬ್ಬಳು.

ಇಪ್ಪತ್ತು ಹೆಂಗಸರು, ಅರವತ್ತು ಪೆಟ್ಟಿಗೆ. ಆ ಮಾಲು ಅವತ್ತು ಸಂಜೆ ಲಾರಿ ಹತ್ತಬೇಕಿತ್ತು. ಬಾಗಿಲು ಮುಚ್ಚಿತು. ಗೋಡೆಯ ಪೆಟ್ಟಿಗೆಯ ಅಂಕಿ ನಲವತ್ತೊಂಬತ್ತರಲ್ಲಿತ್ತು.

ಆಡಿಟ್ ಸಾಹೇಬ ದಿಲ್ಲಿಯವನು. ಎಂ.ಡಿ. ಮುಂದೆ, ಪ್ರಿಯದರ್ಶಿನಿ ಪಕ್ಕ, ಮೆಟ್ಟಿಲಿಳಿದು ಬಂದು ನೋಡಿದರೆ ಟೇಬಲ್ಲುಗಳೆಲ್ಲ ಖಾಲಿ, ಗೋಡೆಯ ಬಿಳಿ ಸೀಳಿ ಬಂದ ಕಪ್ಪು, ಕಪ್ಪಿನ ಮೇಲೆ ಕೆಂಪು ಬಾಣ. ಗಾಜಿನ ಹಿಂದೆ ಹೆಂಗಸರು, ಅಂಗಡಿಯಲ್ಲಿಟ್ಟ ಬೊಂಬೆಗಳ ಹಾಗೆ ಒತ್ತೊತ್ತಾಗಿ ಕೂತು ಅವನನ್ನೇ ನೋಡುತ್ತಿದ್ದರು.

ಪ್ರಿಯದರ್ಶಿನಿ ಇಂಗ್ಲಿಷಿನಲ್ಲಿ ಏನೋ ಹೇಳಿದರು. ಹೆಂಗಸರು ವಿಶ್ರಾಂತಿ ತೆಗೆದುಕೊಳ್ಳುತ್ತಿದ್ದಾರೆ ಎಂದಿರಬೇಕು. ಆಬಿದಾ ಬಾಗಿಲು ನಾಲ್ಕು ಬೆರಳಷ್ಟು ಸರಿಸಿ ಮುಖ ತೂರಿಸಿದಳು. ಶಿವಾಜಿನಗರದ ದಖ್ಖನಿ ಉರ್ದುವಿಗೆ ದಿಲ್ಲಿಯವರೆಗೂ ರೋಡಿದೆ.

"ಸಾಬ್, ಮೇಡಂ ಜೂಟ್ ಬೋಲ್‌ರೈಂ!"

ಮೇಡಂ ಹೇಳುತ್ತಿರುವುದು ಸುಳ್ಳು ಎಂದ ಮೇಲೆ ಅವಳು ನಿಲ್ಲಿಸಲಿಲ್ಲ. ಬೂಷ್ಟು, ಕಾಲುವೆ, ಟೆರೇಸು, ಬೋಂಡಾ, ಅಮೃತಮ್ಮ, ಹಾಳೆ, ಎಲ್ಲವನ್ನೂ ಬಸ್ಸಿನ ಜಗಳ ಹೇಳುವ ಉಮೇದಿನಲ್ಲೇ ಹೇಳಿದಳು. ಬಾಣ ಅಂಟಿಸಿದ ಹಾಳೆಯನ್ನು ಸಂದಿಯಿಂದ ಹೊರಗೆ ಚಾಚಿದಳು. ಸಾಹೇಬ ಅದನ್ನು ಇಸಿದುಕೊಂಡು ಓದಿದ. ಅವನೇನೂ ದೇವದೂತನಲ್ಲ. ಅವನ ಪಟ್ಟಿಯಲ್ಲಿ ಬೆಂಕಿ ಆರಿಸುವ ಡಬ್ಬ ಇತ್ತು, ಕಕ್ಕಸು ಇತ್ತು, ಗಾಳಿಯಾಡುವ ಬಗ್ಗೆ ಒಂದೇ ಸಾಲು ಇತ್ತು. ಕೈಗಡಿಯಾರ ನೋಡಿಕೊಂಡು ಕೇಳಿದ, ನಿಮಗೇನು ಬೇಕು?

ಆಬಿದಾ ಹಿಂದಕ್ಕೆ ತಿರುಗಿದಳು. "ಏನ್ ಬೇಕಂತೆ. ಹೇಳೇ ಸಾಬಮ್ಮ."

ಸಾಬಮ್ಮ ಯೋಚಿಸಿದ್ದು ಒಂದೇ ಗಳಿಗೆ. "ಮ್ಯಾಲಿನ ಹಾಲು ನಮ್ದಿತ್ತು. ನಮಗ ವಾಪಸ್ ಕೊಡ್ರಿ. ಕಾರು ಕೆಳಗ ಇಳೀಲಿ, ನಾವು ಮ್ಯಾಲ ಬರ್ತೀವಿ. ಅದು ಬಿಟ್ಟು ಬ್ಯಾರೆ ಏನೂ ಬ್ಯಾಡ. ಈ ಹಾಳಿಗಿ ಸೈನೂ ಹಾಕಂಗಿಲ್ಲ."

ಎಂ.ಡಿ. ಸಾಹೇಬರಿಗೆ ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ಸಿಟ್ಟು ನೆತ್ತಿಗೇರಿ ಅದೇ ಭಾಷೆಯಲ್ಲಿ ಕಿರುಚಿದರು: "ತಲೆ ಕೆಟ್ಟಿದ್ಯೇನೇ ನಿಂಗೆ? ಕಾರು ಇಲ್ಲಿ ಹಾಕಿದ್ರೆ ಒಂದೇ ತಿಂಗ್ಳಿಗೆ ಸೀಟೆಲ್ಲ ಬೂಷ್ಟು ಹಿಡಿದು ಹಾಳಾಗೋಗುತ್ತೆ!"

ಇಸ್ತ್ರಿಗಳು ಆರಿದ್ದವು. ಗೋಡೆಯ ಹಿಂದೆ ಕಾಲುವೆಯ ನೀರು ಹರಿಯುವುದು ಕೇಳುತ್ತಿತ್ತು.

ಆಡಿಟ್ ಸಾಹೇಬ ಆಬಿದಾಳತ್ತ ನೋಡಿದ. ಎಂ.ಡಿ. ಏನೆಂದರು?

ಆಬಿದಾ ಸಾಬಮ್ಮನ ಮಾತನ್ನೂ ಎಂ.ಡಿ. ಮಾತನ್ನೂ ದಖ್ಖನಿಯಲ್ಲಿ ಹೇಳಿದಳು, ಒಂದು ಅಕ್ಷರ ಕೂಡಿಸಲಿಲ್ಲ, ಒಂದು ಅಕ್ಷರ ಕಳೆಯಲಿಲ್ಲ. ಅಷ್ಟು ಚೊಕ್ಕವಾಗಿ ಅವಳು ಜನ್ಮದಲ್ಲಿ ಏನನ್ನೂ ಹೇಳಿರಲಿಲ್ಲ. ಸಾಹೇಬ ಪಟ್ಟಿಯ ಆ ಒಂದು ಸಾಲಿನ ಎದುರು ಬಹಳ ಹೊತ್ತು ಏನೋ ಬರೆದ. ಎಂ.ಡಿ. ಅವನ ತೋಳು ಹಿಡಿದು, ಮೇಲೆ ಕಾಫಿ ಕುಡಿಯೋಣ ಬನ್ನಿ ಎಂದರು. ಅವನು ತೋಳು ಬಿಡಿಸಿಕೊಂಡು ಗೋಡೆಯ ಫೋಟೋ ತೆಗೆಯತೊಡಗಿದ.

ಡ್ರೈ ರೂಮಿನ ಅಂಕಿಯ ಪೆಟ್ಟಿಗೆ ಕಿರುಚಿಕೊಂಡದ್ದು ಆಗಲೇ.

ಎಲ್ಲರೂ ಬೆಚ್ಚಿ ನೋಡಿದರು. ಕೆಂಪು ಅಂಕಿ ಅರವತ್ತಾರಕ್ಕೆ ಬಂದಿತ್ತು. ಮೊದಲಿಗೆ ಯಾರಿಗೂ ಅರ್ಥವಾಗಲಿಲ್ಲ. ಅಂಜನಮೂರ್ತಿಗೆ ಆಯಿತು. ಎರಡು ಮಂಚದಗಲದ ಕೋಣೆ, ಇಪ್ಪತ್ತು ಮೂಗು. ಮಷೀನು ಹೀರುವುದಕ್ಕಿಂತ ಜಾಸ್ತಿ ತೇವ ಹೆಂಗಸರು ಬಿಡುತ್ತಿದ್ದರು. ಅರವತ್ತು ಪೆಟ್ಟಿಗೆ ಮಾಲು ಅವರ ಉಸಿರು ಕುಡಿಯುತ್ತಿತ್ತು. ಇನ್ನರ್ಧ ಗಂಟೆ ಹೀಗೇ ಕೂತರೆ ಒಂದು ಪೆಟ್ಟಿಗೆಯೂ ಪಾಸಾಗುವುದಿಲ್ಲ, ಸಂಜೆ ಲಾರಿ ಖಾಲಿ ಹೋಗುತ್ತದೆ.

ಅವನು ಓಡಿ ಬಂದು ಗಾಜಿಗೆ ಎರಡೂ ಅಂಗೈ ಒತ್ತಿದ. ಓಟಕ್ಕೆ, ಬಣ್ಣದ ಘಾಟಿಗೆ, ಭಯಕ್ಕೆ ಕೆಮ್ಮು ನುಗ್ಗಿ ಬಂತು. ಕರ್ಚೀಫು ಹುಡುಕುವಷ್ಟು ಹೊತ್ತಿರಲಿಲ್ಲ. ಬಗ್ಗಿ, ಮೊಳಕಾಲು ಹಿಡಿದು, ಎಲ್ಲರೆದುರು ಕೆಮ್ಮಿದ. ಕೆಮ್ಮಿನ ನಡುನಡುವೆ ಅಂಗಲಾಚಿದ:

"ದಮ್ಮಯ್ಯ... ಮಾಲು ಹಾಳಾಗ್ತಿದೆ... ದಮ್ಮಯ್ಯ ಅಂತೀನಿ, ಸ್ವಲ್ಪ ಹೊತ್ತು... ಉಸಿರಾಡ್ಬೇಡ್ರಮ್ಮಾ!"

ಒಳಗಿನ ಹೆಂಗಸರು ಮೊದಲು ನಗಲಿಲ್ಲ. ಇಷ್ಟು ವರ್ಷ ಯಾರೂ ಬಾಯಿಬಿಟ್ಟು ಹೇಳಿರದಿದ್ದ ಮಾತು ಕೊನೆಗೂ ಒಬ್ಬನ ಬಾಯಿಂದ ಬಂದಿತ್ತು. ಅದನ್ನು ಸರಿಯಾಗಿ ಕೇಳಿಸಿಕೊಳ್ಳಬೇಕಿತ್ತು. ಆಮೇಲೆ ಆಬಿದಾ ನಕ್ಕಳು. ಜಯಮಾಲಾ ನಕ್ಕಳು. ಇಪ್ಪತ್ತೂ ಜನ ನಕ್ಕರು. ನಗುವುದೆಂದರೆ ಉಸಿರು ಬಿಡುವುದೇ. ಅಂಕಿ ಅರವತ್ತೇಳಾಯಿತು.

ಸಾಬಮ್ಮ ಹಾಳೆಯಲ್ಲಿ ಉಳಿದಿದ್ದ ಕೊನೆಯ ಬಾಣ ಕಿತ್ತು ಬಾಗಿಲ ಸಂದಿಯಿಂದ ಕೈ ಚಾಚಿ, ಕೆಮ್ಮುತ್ತಲೇ ಇದ್ದ ಅಂಜನಮೂರ್ತಿಯ ಅಂಗಿಗೆ ಅಂಟಿಸಿದಳು. ಪೆಟ್ಟಿಗೆಯೊಂದನ್ನು ಆಚೆ ತಳ್ಳಿ ಒಬ್ಬರು ಕೂರುವಷ್ಟು ಜಾಗ ಮಾಡಿದಳು. "ಬರ್ರಿ ಸರ. ಧೂಳಿನ ಅಲರ್ಜಿಗೂ ಜಾಗ ಅದ."

ಆಮೇಲೆ ಎದ್ದು ನಿಂತು ಉಸಿರು ಎಳೆದುಕೊಂಡಳು. ಅದು ಗಂಟಲಲ್ಲಿ ನಿಲ್ಲಲಿಲ್ಲ, ಎದೆಯಲ್ಲಿ ಪೀಪಿ ಊದಲಿಲ್ಲ, ಎಮ್ಮೆಯ ಹಿಂದೆ ಓಡುತ್ತಿದ್ದ ಕಾಲದ ಹಾಗೆ ಹೊಟ್ಟೆಯ ತಳದವರೆಗೂ ಇಳಿಯಿತು. ಕಿರುಚುತ್ತಿದ್ದ ಪೆಟ್ಟಿಗೆಯ ಹತ್ತಿರಕ್ಕೆ ಬಾಯಿ ಒಯ್ದು, ಒಲೆ ಊದುವವಳ ಹಾಗೆ, ನಿಧಾನವಾಗಿ, ಪೂರ್ತಿಯಾಗಿ ಬಿಟ್ಟಳು.

ಅರವತ್ತೆಂಟು.